ಕೂಡಿ ಬಾಳದ ಮದುವೆ

1887ರ ಮಾರ್ಚ್ 4ರಂದು ಮುಂಬಯಿ ಹೈಕೋರ್ಟು 22 ವರ್ಷದ ಹೆಣ್ಣುಮಗಳೊಬ್ಬಳ ಮುಂದೆ ಎರಡು ದಾರಿ ಇಟ್ಟಿತು. ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಿ ಸಂಸಾರ ಮಾಡಬೇಕು. ಇಲ್ಲವಾದರೆ ಆರು ತಿಂಗಳು ಜೈಲು. ಆಕೆ ಜೈಲೇ ಆಗಲಿ ಎಂದಳು.

ಆಕೆಯ ಹೆಸರು ರಖ್ಮಾಬಾಯಿ. ಮರಾಠಿ ಬಲ್ಲವರಿಗೆ ಈ ಹೆಸರು ಹೊಸದಲ್ಲ. 2016ರಲ್ಲಿ ಅವರ ಮೇಲೆ ಅನಂತ ಮಹಾದೇವನ್ ಮರಾಠಿ ಸಿನಿಮಾ ಮಾಡಿದರು. 2017ರ ನವೆಂಬರ್ 22ರಂದು, ಅವರ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು. ಭಾರತದಲ್ಲಿ ವೃತ್ತಿ ನಡೆಸಿದ ಮೊದಮೊದಲ ಮಹಿಳಾ ಡಾಕ್ಟರುಗಳಲ್ಲಿ ಒಬ್ಬರು ಎಂದೇ ಹೆಚ್ಚಿನವರು ಅವರನ್ನು ಗುರುತಿಸುತ್ತಾರೆ. ನಾನೂ ಹಾಗೆಯೇ ಗುರುತಿಸುತ್ತಿದ್ದೆ. ಆದರೆ ಅವರ ಬದುಕನ್ನು ಓದುತ್ತಾ ಹೋದಂತೆ ಸ್ಟೆತೊಸ್ಕೋಪಿಗಿಂತ ಮೊದಲಿನ ಭಾಗವೇ ನನ್ನನ್ನು ಹಿಡಿದು ನಿಲ್ಲಿಸಿತು. ಮದುವೆ ಎಂದರೆ ಏನು, ಅದು ಯಾವಾಗ ಆಗುತ್ತದೆ, ಯಾರು ಹೂಂ ಎಂದರೆ ಆಗುತ್ತದೆ? ಈ ಪ್ರಶ್ನೆಯನ್ನು ಹತ್ತೊಂಬತ್ತರ ಹುಡುಗಿಯೊಬ್ಬಳು ಇಡೀ ದೇಶದ ಎದುರು ಇಟ್ಟಿದ್ದಳು.

ಹನ್ನೊಂದರ ವಧು, ಹತ್ತೊಂಬತ್ತರ ವರ

ರಖ್ಮಾಬಾಯಿ ಹುಟ್ಟಿದ್ದು 1864ರ ನವೆಂಬರ್ 22ರಂದು, ಮುಂಬಯಿಯಲ್ಲಿ, ಸುತಾರ ಎಂದರೆ ಬಡಗಿ ಸಮುದಾಯದಲ್ಲಿ. ತಂದೆ ಜನಾರ್ದನ ಪಾಂಡುರಂಗ, ತಾಯಿ ಜಯಂತಿಬಾಯಿ. ಮಗಳು ಹುಟ್ಟಿದಾಗ ತಾಯಿಗೇ ಹದಿನೈದು ವರ್ಷ. ಮಗು ಇನ್ನೂ ಚಿಕ್ಕದಿರುವಾಗಲೇ ತಂದೆ ತೀರಿಕೊಂಡರು. ಕೆಲವು ವರ್ಷಗಳ ನಂತರ ಜಯಂತಿಬಾಯಿ ಡಾ. ಸಖಾರಾಮ ಅರ್ಜುನ ಎಂಬ ವಿಧುರರನ್ನು ಮರುಮದುವೆಯಾದರು.

ವಿಧವೆಯ ಮರುಮದುವೆ ಎಂದಾಕ್ಷಣ ಅದನ್ನು ಸುಧಾರಕರ ಸಾಹಸ ಎಂದುಕೊಳ್ಳುವುದು ನಮ್ಮ ರೂಢಿ. ಆದರೆ ಸುತಾರರಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ನಮ್ಮ ಕಡೆ ಎಷ್ಟೋ ಸಮುದಾಯಗಳಲ್ಲಿ ಉಡಿಕೆ, ಕೂಡಿಕೆ ಎಂದು ಕರೆಯುವಂಥದ್ದೇ ಪದ್ಧತಿ ಮಹಾರಾಷ್ಟ್ರದಲ್ಲಿ ಪಾಟ್ ಎಂಬ ಹೆಸರಿನಲ್ಲಿದೆ. ಒಂದು ಸೀರೆ, ಹಿರಿಯರ ಸಮ್ಮುಖ, ಅಷ್ಟಾದರೆ ಹೊಸ ಸಂಸಾರ ಶುರು. ಬಾಳಲಾಗದಿದ್ದರೆ ಸೋಡಚೀಟಿ ಕೊಟ್ಟು ಬಿಡಿಸಿಕೊಳ್ಳುವ ದಾರಿಯೂ ಇಂಥ ಹಲವು ಸಮುದಾಯಗಳಲ್ಲಿ ಇತ್ತು. ಉತ್ತರ ಕರ್ನಾಟಕದವರಿಗೆ ಈ ಶಬ್ದ ಹೊಸದಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದೆ ಕೋರ್ಟಿನಲ್ಲಿ ನಡೆದದ್ದು ಇನ್ನೂ ಸ್ಪಷ್ಟವಾಗುತ್ತದೆ.

ಸಖಾರಾಮ ಅರ್ಜುನ ಸಾಮಾನ್ಯ ವ್ಯಕ್ತಿಯಲ್ಲ. ವೈದ್ಯರು, ಸಸ್ಯಶಾಸ್ತ್ರ ಬಲ್ಲವರು, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದವರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದ ಎಂಟು ಮಂದಿಯಲ್ಲಿ ಇಬ್ಬರೇ ಭಾರತೀಯರು. ಅವರಲ್ಲಿ ಒಬ್ಬರು ಇವರು. ಇಂಥ ಮನೆಯಲ್ಲಿ ಬೆಳೆದರೂ ಬಾಲ್ಯವಿವಾಹ ತಪ್ಪಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ರಖ್ಮಾಬಾಯಿಯ ಮದುವೆ ಮಲತಂದೆಯ ಬಳಗದವನೇ ಆದ ದಾದಾಜಿ ಭಿಕಾಜಿ ಎಂಬ ಹತ್ತೊಂಬತ್ತರ ಹುಡುಗನ ಜೊತೆ ಆಯಿತು. ದಾದಾಜಿ ಬಡವ. ಆದ್ದರಿಂದ ಹಿರಿಯರೊಳಗೆ ಒಂದು ಮಾತಾಗಿತ್ತು. ಅವನು ಮನೆಅಳಿಯನಾಗಿರಬೇಕು, ಖರ್ಚೆಲ್ಲ ಹೆಣ್ಣಿನ ಮನೆಯವರದು, ಅವನು ಓದಿ ಯೋಗ್ಯನಾಗಬೇಕು.

ಆ ಮಾತು ನಡೆಯಲಿಲ್ಲ. ದಾದಾಜಿಗೆ ಶಾಲೆ ಹಿಡಿಸಲಿಲ್ಲ. ತಾಯಿ ತೀರಿದ ಮೇಲೆ ಸೋದರಮಾವ ನಾರಾಯಣ ಧುರ್ಮಾಜಿಯ ಮನೆ ಸೇರಿದ. ಸಾಲ ಮಾಡಿಕೊಂಡ. ಹೆಂಡತಿ ಬಂದರೆ ಅವಳ ಆಸ್ತಿಯೂ ಬರುತ್ತದೆಂಬ ಲೆಕ್ಕ ಅವನಿಗಿತ್ತು ಎಂಬುದು ಹೆಣ್ಣಿನ ಕಡೆಯವರ ವಾದ. ಜಯಂತಿಬಾಯಿ ಮರುಮದುವೆಗೆ ಮುಂಚೆ ಮೊದಲ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದ್ದರು. ಆ ಆಸ್ತಿ ಕೈತಪ್ಪಬಾರದೆಂದೇ ತಾಯಿ ಮತ್ತು ಅಜ್ಜ ರಖ್ಮಾಬಾಯಿಯನ್ನು ತಡೆಯುತ್ತಿದ್ದಾರೆ ಎಂಬುದು ದಾದಾಜಿಯ ವಾದ. ಹೀಗೆ ಎರಡೂ ಕಡೆಯವರು ಆಸ್ತಿಯ ಮಾತಾಡಿದರು. ಹುಡುಗಿಯ ಮನಸ್ಸಿನ ಮಾತು ಬಂದದ್ದು ಆಮೇಲೆ.

ಮೈನೆರೆದ ಹುಡುಗಿಗೆ ಕೂಡಲೇ ಪ್ರಸ್ತ ಮಾಡಿಸಿ ಗಂಡನಿಗೆ ಒಪ್ಪಿಸುವುದು ಆಗಿನ ರೂಢಿ. ಸಖಾರಾಮ ಅರ್ಜುನ ಇದಕ್ಕೆ ಒಪ್ಪಲಿಲ್ಲ. ಹುಡುಗಿಯ ಮೈ ಇನ್ನೂ ಬಲಿತಿಲ್ಲ ಎಂಬುದು ಡಾಕ್ಟರಾಗಿ ಅವರಿಗೆ ಗೊತ್ತಿತ್ತು. ಆ ತಡೆಯೇ ರಖ್ಮಾಬಾಯಿಗೆ ಸಿಕ್ಕ ಬಿಡುವು. ಶಾಲೆಗೆ ಹೋಗುವುದು ನಿಂತಿತ್ತು. ಮಿಶನ್ ಲೈಬ್ರರಿಯ ಪುಸ್ತಕ ತರಿಸಿಕೊಂಡು ಮನೆಯಲ್ಲೇ ಓದಿದರು, ಇಂಗ್ಲಿಷ್ ಕಲಿತರು. ಆರ್ಯ ಮಹಿಳಾ ಸಮಾಜ, ಪ್ರಾರ್ಥನಾ ಸಮಾಜದ ಜನರ ಒಡನಾಟವಾಯಿತು. ಓದುತ್ತ ಹೋದಂತೆ ಅವರಿಗೆ ಒಂದು ವಿಷಯ ಖಚಿತವಾಯಿತು. ತನಗೆ ತಿಳಿವಳಿಕೆ ಬರುವ ಮುಂಚೆ ಯಾರೋ ಮಾಡಿಸಿದ ಶಾಸ್ತ್ರಕ್ಕಾಗಿ ತಾನು ಇಡೀ ಬದುಕನ್ನು ಒಪ್ಪದ ಮನುಷ್ಯನ ಜೊತೆ ಕಳೆಯುವುದಿಲ್ಲ.

ಮರಳಿ ಕೊಡಲು ಮೊದಲು ಇದ್ದದ್ದೇನು?

1884ರ ಮಾರ್ಚ್‌ನಲ್ಲಿ ದಾದಾಜಿ ವಕೀಲರ ಮೂಲಕ ಪತ್ರ ಕಳಿಸಿದ. ಹೆಂಡತಿಯನ್ನು ಕಳಿಸಿಕೊಡಿ ಎಂಬುದು ಬೇಡಿಕೆ. ಒಪ್ಪದಿದ್ದಾಗ ದಾದಾಜಿ ಭಿಕಾಜಿ ವಿರುದ್ಧ ರಖ್ಮಾಬಾಯಿ ಎಂಬ ದಾವೆ ಮುಂಬಯಿ ಹೈಕೋರ್ಟಿಗೆ ಬಂತು. ಕಾನೂನಿನ ಭಾಷೆಯಲ್ಲಿ ಅದು ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆಯ ದಾವೆ.

ಈ ದಾವೆ ಹಿಂದೂ ಧರ್ಮಶಾಸ್ತ್ರದಿಂದ ಬಂದದ್ದಲ್ಲ. ಇಂಗ್ಲೆಂಡಿನ ಚರ್ಚ್ ಕೋರ್ಟುಗಳಲ್ಲಿ ಹುಟ್ಟಿದ್ದು. ಗಂಡ ಅಥವಾ ಹೆಂಡತಿ ಕಾರಣವಿಲ್ಲದೆ ಬಿಟ್ಟುಹೋದರೆ ಮರಳಿ ಬಾ ಎಂದು ಕೋರ್ಟು ಆದೇಶಿಸುವ ಪದ್ಧತಿ. 1867ರಲ್ಲಿ ಒಂದು ಮುಸ್ಲಿಂ ದಂಪತಿಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇಂಥ ದಾವೆಯನ್ನು ಭಾರತದ ಕೋರ್ಟುಗಳೂ ನಡೆಸಬಹುದು ಎಂದಿತು. ಅಲ್ಲಿಂದ ಅದು ಇಲ್ಲಿ ಬೇರೂರಿತು. ವಿಚಿತ್ರವೆಂದರೆ ಆದೇಶ ಪಾಲಿಸದವರನ್ನು ಜೈಲಿಗೆ ಹಾಕುವುದನ್ನು ಇಂಗ್ಲೆಂಡ್ 1884ರಲ್ಲಿಯೇ ಕೈಬಿಟ್ಟಿತು. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಮಾತ್ರ ಆ ಜೈಲು ಹಾಗೇ ಉಳಿಯಿತು.

ದಾವೆ ಮೊದಲು ಬಂದದ್ದು ನ್ಯಾಯಮೂರ್ತಿ ರಾಬರ್ಟ್ ಹಿಲ್ ಪಿನ್ಹೆ ಅವರೆದುರು, 1885ರ ಸೆಪ್ಟೆಂಬರ್‌ನಲ್ಲಿ. ಆ ಹೊತ್ತಿಗೆ ಬೆನ್ನಿಗೆ ನಿಂತಿದ್ದ ಮಲತಂದೆ ತೀರಿಕೊಂಡಿದ್ದರು. ರಖ್ಮಾಬಾಯಿಯ ಪರ ವಾದಿಸಿದವರಲ್ಲಿ ಕಾಶೀನಾಥ ತ್ರ್ಯಂಬಕ ತೆಲಂಗ್ ಇದ್ದರು. ಮುಂದೆ ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾದವರು.

ಪಿನ್ಹೆ ದಾವೆಯನ್ನು ವಜಾ ಮಾಡಿದರು. ಅವರ ತರ್ಕ ಸರಳ. ಇದನ್ನು ಪುನರ್‌ಸ್ಥಾಪನೆ ಎನ್ನುತ್ತಾರೆ. ಪುನರ್ ಎನ್ನಬೇಕಾದರೆ ಮೊದಲು ಒಮ್ಮೆ ಸ್ಥಾಪನೆಯಾಗಿರಬೇಕಲ್ಲ? ಈ ಇಬ್ಬರೂ ಗಂಡಹೆಂಡಿರಾಗಿ ಎಂದೂ ಕೂಡಿ ಬಾಳಿಲ್ಲ. ಇಲ್ಲಿ ಕೇಳುತ್ತಿರುವುದು ನಿಂತುಹೋದ ಸಂಸಾರವನ್ನು ಮುಂದುವರಿಸಲು ಅಲ್ಲ, ಇಷ್ಟವಿಲ್ಲದ ಹೆಣ್ಣನ್ನು ಮೊದಲ ಬಾರಿಗೆ ಗಂಡಸೊಬ್ಬನಿಗೆ ಒಪ್ಪಿಸಲು. ಇಂಗ್ಲೆಂಡಿನ ಆ ಕಾನೂನು ತಿಳಿವಳಿಕೆಯುಳ್ಳ ಇಬ್ಬರು ವಯಸ್ಕರು ಒಪ್ಪಿ ಆದ ಮದುವೆಗೆ ಸಂಬಂಧಿಸಿದ್ದು. ಏನೂ ಅರಿಯದ ಮಗುವಿನ ಮದುವೆಗೆ ಅದನ್ನು ಹೊಂದಿಸುವುದು ಕ್ರೌರ್ಯ. ಹಿಂದೂ ಕಾನೂನಿನಲ್ಲೂ ಇಂಥ ಬಲವಂತಕ್ಕೆ ಆಧಾರ ತಮಗೆ ಕಾಣಲಿಲ್ಲ ಎಂದರು ಪಿನ್ಹೆ.

ವರ್ಷ ತಿರುಗುವುದರೊಳಗೆ ತೀರ್ಪು ಬಿದ್ದುಹೋಯಿತು. 1886ರ ಮಾರ್ಚ್‌ನಲ್ಲಿ ಮೇಲ್ಮನವಿ ಕೇಳಿದ ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಸಾರ್ಜೆಂಟ್ ಮತ್ತು ನ್ಯಾಯಮೂರ್ತಿ ಬೇಲಿ, ಹಿಂದೂಗಳಲ್ಲಿ ಶಾಸ್ತ್ರ ಮುಗಿದರೆ ಮದುವೆ ಪೂರ್ಣವಾಯಿತು, ಕೂಡಿ ಬಾಳಿದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದರು. ಪ್ರಕರಣ ಮತ್ತೆ ಕೆಳಗೆ ಬಂತು. ನ್ಯಾಯಮೂರ್ತಿ ಫಾರನ್ ಆ ಮಾರ್ಚ್ 4ರ ಆದೇಶ ಕೊಟ್ಟರು.

ಇಲ್ಲಿಯೇ ಸುತಾರರ ಪದ್ಧತಿಯನ್ನು ನೆನೆಯಬೇಕು. ಬಿಡಿಸುವುದಕ್ಕೂ ಮತ್ತೆ ಕೂಡಿಸುವುದಕ್ಕೂ ದಾರಿ ಇಟ್ಟುಕೊಂಡಿದ್ದ ಎಷ್ಟೋ ಸಮುದಾಯಗಳನ್ನು ಬ್ರಿಟಿಷ್ ಕೋರ್ಟುಗಳು ಒಂದೇ ಶಾಸ್ತ್ರದ ಕನ್ನಡಿಯಲ್ಲಿ ನೋಡಲು ಹೊರಟವು. ಮದುವೆ ಬಿಡಿಸಲಾಗದ ಸಂಸ್ಕಾರ ಎಂಬ ಭಾಗವನ್ನು ಮೇಲ್ಜಾತಿಯ ಗ್ರಂಥಗಳಿಂದ, ಬಲವಂತವಾಗಿ ಕರೆತರುವ ಭಾಗವನ್ನು ಇಂಗ್ಲೆಂಡಿನ ಚರ್ಚಿನಿಂದ ತೆಗೆದುಕೊಂಡವು. ಎರಡೂ ಕಡೆಯ ಬಿಗಿ ಸೇರಿ ಒಂದು ಹೆಣ್ಣಿನ ಕೊರಳಿಗೆ ಬಿತ್ತು. ಇತಿಹಾಸಕಾರ ಸುಧೀರ್ ಚಂದ್ರ ಈ ಪ್ರಕರಣದ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ವಸಾಹತು ಕಾನೂನು ಹೆಣ್ಣಿಗೆ ಬಿಡುಗಡೆ ತಂದಿತು ಎಂದು ಸಲೀಸಾಗಿ ನಂಬುವವರು ಅದನ್ನು ಓದಬೇಕು.

ಹೆಸರು ಮರೆಸಿ ಬರೆದ ಪತ್ರಗಳು

1885ರ ಜೂನ್ ತಿಂಗಳಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಒಂದು ಪತ್ರ ಬಂತು. ಬರೆದವರ ಜಾಗದಲ್ಲಿ ಒಬ್ಬ ಹಿಂದೂ ಮಹಿಳೆ ಎಂದಷ್ಟೇ ಇತ್ತು. ವಿಷಯ ಬಾಲ್ಯವಿವಾಹ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪತ್ರ, ವಿಧವೆಯರ ಮೇಲೆ. ಬರೆದವರು ರಖ್ಮಾಬಾಯಿ ಎಂದು ಆಮೇಲೆ ಗೊತ್ತಾಯಿತು. ಎಳೆಯ ವಯಸ್ಸಿನ ಮದುವೆ ಗಂಡಿನ ಓದನ್ನು ಒಂದಿಷ್ಟು ಕೆಡಿಸಬಹುದು, ಹೆಣ್ಣಿನದನ್ನಾದರೆ ಅಲ್ಲಿಗೇ ಮುಗಿಸಿಬಿಡುತ್ತದೆ ಎಂಬುದು ಅವರ ವಾದದ ತಿರುಳು. ತನ್ನ ಓದು ಹೇಗೆ ನಿಂತುಹೋಯಿತು ಎಂಬುದನ್ನು ಸ್ವಂತ ಅನುಭವದಿಂದ ಬರೆದಿದ್ದರು.

ಅದೇ ಕಾಲದಲ್ಲಿ ಬೆಹರಾಮ್‌ಜಿ ಮಲಬಾರಿ ಬಾಲ್ಯವಿವಾಹದ ವಿರುದ್ಧ ದೊಡ್ಡ ಚರ್ಚೆ ಎಬ್ಬಿಸಿದ್ದರು. ರಖ್ಮಾಬಾಯಿಯ ಪ್ರಕರಣ ಅದಕ್ಕೆ ತುಪ್ಪ ಸುರಿಯಿತು. ಅವರ ನೆರವಿಗೆ ಒಂದು ಸಮಿತಿ ಹುಟ್ಟಿತು. ಪಂಡಿತಾ ರಮಾಬಾಯಿ ತಮ್ಮ ಪುಸ್ತಕದಲ್ಲಿ ಈ ತೀರ್ಪಿನ ಬಗ್ಗೆ ಕಿಡಿಕಾರಿದರು. ಎದುರು ಪಾಳಯದಲ್ಲಿ ಬಾಲಗಂಗಾಧರ ತಿಲಕರು ನಿಂತರು. ಹೆಣ್ಣಿಗೆ ಇಂಗ್ಲಿಷ್ ಓದಿಸಿದರೆ ಆಗುವುದೇ ಹೀಗೆ, ಪರಕೀಯ ಸರ್ಕಾರ ನಮ್ಮ ಮನೆಯೊಳಗೆ ಕೈಹಾಕಬಾರದು ಎಂಬ ಧಾಟಿ ಅವರದಾಗಿತ್ತು. ಸ್ವರಾಜ್ಯದ ವಿಷಯದಲ್ಲಿ ನಾವು ತಲೆಬಾಗುವ ಹಿರಿಯರು ಒಬ್ಬ ಹುಡುಗಿಯ ಸ್ವಂತ ಬದುಕಿನ ವಿಷಯದಲ್ಲಿ ಹೀಗೆ ನಡೆದುಕೊಂಡರು ಎಂಬುದನ್ನು ಮುಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ಈ ಗದ್ದಲದಲ್ಲಿ ರಖ್ಮಾಬಾಯಿಯ ದಿನಗಳು ಹೇಗಿದ್ದಿರಬಹುದು ಎಂದು ನಾನು ಯೋಚಿಸುತ್ತೇನೆ. ಹೊರಗೆ ಹೊರಟರೆ ಜನ ಬೆರಳು ತೋರಿಸುವ ಕಾಲ. ಮನೆಯಲ್ಲಿ ಮತ್ತೆ ವಿಧವೆಯಾದ ತಾಯಿ. ಸೋತರೆ ಜೈಲು. ಗೆದ್ದರೂ ಇನ್ನೊಂದು ಮದುವೆಯಾಗುವ ಹಾಗಿಲ್ಲ, ಏಕೆಂದರೆ ಪಿನ್ಹೆ ಕೂಡ ಮದುವೆ ರದ್ದು ಮಾಡಿರಲಿಲ್ಲ, ಹೋಗಿ ಬಾಳೆಂದು ಬಲವಂತ ಮಾಡಲು ಒಪ್ಪಲಿಲ್ಲ ಅಷ್ಟೇ. ಅಂದರೆ ಆಕೆ ಹೋರಾಡಿದ್ದು ಬೇರೊಬ್ಬನನ್ನು ಕಟ್ಟಿಕೊಳ್ಳುವುದಕ್ಕಲ್ಲ. ಬೇಡ ಎನ್ನುವ ಹಕ್ಕಿಗಾಗಿ ಮಾತ್ರ.

2,000 ರೂಪಾಯಿಯ ರಾಜಿ

ರಾಣಿ ವಿಕ್ಟೋರಿಯಾ ಮಧ್ಯೆ ಬಂದು ಈ ಮದುವೆಯನ್ನು ರದ್ದು ಮಾಡಿದಳು ಎಂದು ಹೇಳುವುದುಂಟು. ಕೇಳಲು ಚೆನ್ನಾಗಿದೆ. ಆದರೆ ಪ್ರಕರಣ ಮುಗಿದದ್ದು ರಾಣಿಯ ಅರಮನೆಯಲ್ಲಲ್ಲ, ವಕೀಲರ ನಡುವೆ. 1888ರ ಜುಲೈನಲ್ಲಿ ರಾಜಿಯಾಯಿತು. ದಾದಾಜಿ 2,000 ರೂಪಾಯಿ ಪಡೆದು ತನ್ನ ಡಿಕ್ರಿಯನ್ನು ಜಾರಿ ಮಾಡಿಸುವುದಿಲ್ಲ ಎಂದು ಒಪ್ಪಿದ. ಜೈಲು ತಪ್ಪಿತು. ದಾದಾಜಿ ಬೇರೆ ಮದುವೆಯಾದ. ಆಗಿನ ಕಾನೂನಿನಲ್ಲಿ ಹಿಂದೂ ಗಂಡಸಿಗೆ ಎರಡನೆಯ ಮದುವೆಗೆ ತಡೆ ಇರಲಿಲ್ಲ. ರಖ್ಮಾಬಾಯಿಗೆ ಮಾತ್ರ ಆ ದಾರಿ ಮುಚ್ಚಿತ್ತು. ಕಾಗದದ ಮೇಲೆ ಅವರು ಇನ್ನೂ ದಾದಾಜಿಯ ಹೆಂಡತಿಯೇ.

ಈ ಭಾಗವನ್ನು ಓದುವಾಗ ನನ್ನದೇ ಮನೆಯ ಮಾತು ನೆನಪಾಗದೆ ಇರಲಿಲ್ಲ. ನಾನು ಧಾರವಾಡದವಳು, ಎಂ.ಟೆಕ್. ಮುಗಿಸಿ ಕೆಲಸಕ್ಕೆಂದು ಈ ಕಡೆ ಬಂದವಳು. ನಾನೂ ನನ್ನ ಸಂಗಾತಿಯೂ ಎರಡು ವರ್ಷದಿಂದ ನವಿ ಮುಂಬಯಿಯ ಒಂದು ಬಾಡಿಗೆ ಮನೆಯಲ್ಲಿದ್ದೇವೆ, ಇನ್ನೂ ಮದುವೆಯಾಗಿಲ್ಲ. ಮನೆ ಹುಡುಕುವಾಗ ಏಜೆಂಟರು ಸಂಬಳದ ಚೀಟಿಗಿಂತ ಮೊದಲು ಮದುವೆಯ ಸರ್ಟಿಫಿಕೇಟ್ ಕೇಳುತ್ತಿದ್ದರು. ಒಂದು ಸೊಸೈಟಿಯವರು ಇಲ್ಲಿ ಫ್ಯಾಮಿಲಿಗಳಿರುತ್ತವೆ ಎಂದು ಕೈಮುಗಿದು ಕಳಿಸಿದರು. ಅವ್ವ ಬಳಗದವರಿಗೆ ನಾನು ಗೆಳತಿಯರ ಜೊತೆ ಇದ್ದೇನೆಂದು ಹೇಳಿಕೊಂಡಿದ್ದಾಳೆ. ಜ್ವರ ಬಂದಾಗ ಗಂಜಿ ಕಾಯಿಸುವುದು, ವಿದ್ಯುತ್ ಬಿಲ್ ಕಟ್ಟುವುದು, ಜಗಳವಾಡಿ ಮತ್ತೆ ಮಾತಾಡುವುದು, ಅವನ ಅಪ್ಪನ ಆಪರೇಶನ್ನಿಗೆ ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತದ್ದು, ಇವೆಲ್ಲ ನಡೆದಿವೆ. ಆದರೆ ಅವ್ವನ ಲೆಕ್ಕದಲ್ಲಿ ಇದು ಯಾವುದೂ ಮದುವೆಯಲ್ಲ, ಏಕೆಂದರೆ ಅಕ್ಷತೆ ಬಿದ್ದಿಲ್ಲ. ರಖ್ಮಾಬಾಯಿಯದು ಇದರ ತಿರುಗುಮುರುಗು. ಅಕ್ಷತೆ ಬಿದ್ದಿತ್ತು, ಉಳಿದ ಯಾವುದೂ ಇರಲಿಲ್ಲ.

ನಾನು ಅವ್ವನನ್ನು ದೂರುವುದಿಲ್ಲ. ಹತ್ತು ಜನರೆದುರು ನಡೆಯುವ ಶಾಸ್ತ್ರಕ್ಕೆ ಅರ್ಥವಿದೆ. ಹೆಣ್ಣನ್ನು ನಡುನೀರಿನಲ್ಲಿ ಬಿಟ್ಟುಹೋದರೆ ಕೇಳುವವರು ಬೇಕು ಎಂಬ ಭಯ ಅದರ ಹಿಂದಿದೆ. ಆ ಭಯ ಸುಳ್ಳಲ್ಲ. ಆದರೆ ಕೇಳುವವರು ಇಬ್ಬರ ಮಾತನ್ನೂ ಕೇಳಬೇಕು. ರಖ್ಮಾಬಾಯಿಯ ಮದುವೆಗೆ ಸಾಕ್ಷಿಗಳು ಬೇಕಾದಷ್ಟಿದ್ದರು. ಅವಳನ್ನು ಕೇಳಿದವರು ಇರಲಿಲ್ಲ.

ಡಾಕ್ಟರ್ ರಖ್ಮಾಬಾಯಿ

ಕಾಮಾ ಆಸ್ಪತ್ರೆ ಮುಂಬಯಿಯಲ್ಲಿ ಹೆಂಗಸರಿಗಾಗಿ 1886ರಲ್ಲಿ ತೆರೆದ ಆಸ್ಪತ್ರೆ. ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದವರು ಅದರ ಹತ್ತಿರವೇ ಓಡಾಡಿರುತ್ತಾರೆ. ಅಲ್ಲಿಂದ ಹೈಕೋರ್ಟಿಗೆ ನಡೆದರೆ ಅರ್ಧ ಗಂಟೆಯೂ ಬೇಡ. ಈ ಆಸ್ಪತ್ರೆಯ ಮುಖ್ಯಸ್ಥೆ ಡಾ. ಎಡಿತ್ ಪೀಚಿ, ಬ್ರಿಟನ್ನಿನಲ್ಲಿ ವೈದ್ಯಶಾಸ್ತ್ರ ಓದಲು ಹೆಂಗಸರಿಗೂ ಅವಕಾಶ ಬೇಕೆಂದು ಹೋರಾಡಿದ ಮೊದಲ ತಂಡದವರು. ರಖ್ಮಾಬಾಯಿಯನ್ನು ಡಾಕ್ಟರಾಗಲು ಹುರಿದುಂಬಿಸಿ ಹಣ ಕೂಡಿಸಲು ನೆರವಾದವರು ಅವರು. ಇಂದೂರಿನ ಶಿವಾಜಿರಾವ್ ಹೋಳ್ಕರ್ 500 ರೂಪಾಯಿ ಕೊಟ್ಟರು.

1889ರಲ್ಲಿ ರಖ್ಮಾಬಾಯಿ ಇಂಗ್ಲೆಂಡಿಗೆ ಹೊರಟು ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿದರು. 1894ರಲ್ಲಿ ಓದು ಮುಗಿಯಿತು. ಅವರಿಗಿಂತ ಮುಂಚೆ ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ಡಾಕ್ಟರಾಗಿದ್ದರು, ಆದರೆ ವೃತ್ತಿ ಶುರು ಮಾಡುವ ಮುಂಚೆಯೇ 1887ರಲ್ಲಿ ತೀರಿಹೋದರು. ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿ ಆಗಲೇ ರೋಗಿಗಳನ್ನು ನೋಡುತ್ತಿದ್ದರು. ರಖ್ಮಾಬಾಯಿ ಮರಳಿ ಬಂದು ಸ್ವಲ್ಪ ಕಾಲ ಕಾಮಾ ಆಸ್ಪತ್ರೆಯಲ್ಲಿದ್ದು, 1895ರಲ್ಲಿ ಸೂರತ್‌ನ ಮಹಿಳಾ ಆಸ್ಪತ್ರೆಯ ಮುಖ್ಯಸ್ಥೆಯಾದರು. ಅಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದು, ನಂತರ ರಾಜಕೋಟೆಯ ಮಹಿಳಾ ಆಸ್ಪತ್ರೆಗೆ ಹೋದರು. ಸರ್ಕಾರ ಕೈಸರ್‌-ಇ-ಹಿಂದ್ ಪದಕ ಕೊಟ್ಟಿತು. ನಿವೃತ್ತಿಯ ಹೊತ್ತಿಗೆ, 1929ರಲ್ಲಿ, ಪರದಾ ಪದ್ಧತಿ ಹೋಗಬೇಕೆಂದು ಒಂದು ಪುಸ್ತಿಕೆ ಬರೆದರು. ಸುಮಾರು 35 ವರ್ಷ ಪರದೆಯ ಹಿಂದಿನ ಹೆಂಗಸರ ನಾಡಿ ಹಿಡಿದವರಿಗೆ ಆ ಪದ್ಧತಿ ಮೈಗೆ ಏನು ಮಾಡುತ್ತದೆ ಎಂದು ಪುಸ್ತಕ ನೋಡಿ ತಿಳಿಯಬೇಕಿರಲಿಲ್ಲ.

ಹೆಸರಿನ ವಿಷಯ ಒಂದು ಗಮನಿಸಿ. ಈಗ ಎಲ್ಲೆಡೆ ಅವರನ್ನು ರಖ್ಮಾಬಾಯಿ ರಾವುತ್ ಎನ್ನುತ್ತಾರೆ. ರಾವುತ್ ಮಲತಂದೆಯ ಅಡ್ಡಹೆಸರು. ಅವರ ಕಾಲದ ಕಾಗದಪತ್ರಗಳಲ್ಲಿ ಹೆಚ್ಚಾಗಿ ಡಾ. ರಖ್ಮಾಬಾಯಿ ಎಂದಷ್ಟೇ ಇರುತ್ತದೆ. ಕೋರ್ಟು ಯಾವ ಗಂಡನಿಗೆ ಸೇರಿದವಳು ಎಂದಿತೋ ಅವನ ಹೆಸರು ಅವರ ಹೆಸರಿಗೆ ಅಂಟಲೇ ಇಲ್ಲ.

ಬಿಳಿ ಸೀರೆ

ಹಾಗಿದ್ದೂ ಅವರ ಬದುಕಿನಲ್ಲಿ ಒಂದು ಸಂಗತಿಯಿದೆ. 1904ರಲ್ಲಿ ದಾದಾಜಿ ತೀರಿಕೊಂಡ. ಸುದ್ದಿ ತಿಳಿದ ಮೇಲೆ ರಖ್ಮಾಬಾಯಿ ವಿಧವೆಯರಂತೆ ಬಿಳಿ ಸೀರೆ ಉಡತೊಡಗಿದರು ಎಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಆಗ ಅವರಿಗೆ ನಲವತ್ತರ ಆಸುಪಾಸು, ಸೂರತ್‌ನಲ್ಲಿ ಹೆಸರಾಂತ ಡಾಕ್ಟರು.

ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟೇ ಬಂತು. ಜೈಲಿಗೆ ಹೋದರೂ ಸರಿ ಇದು ಮದುವೆಯಲ್ಲ ಎಂದವರು, ಹದಿನಾರು ವರ್ಷ ಮುಂಚೆ ದುಡ್ಡು ಕೊಟ್ಟು ಬಿಡಿಸಿಕೊಂಡವರು, ಅವನಿಗಾಗಿ ವೈಧವ್ಯ ಹೊತ್ತುಕೊಂಡರೇ? ಗೆಳತಿಯೊಬ್ಬಳ ಹತ್ತಿರ ಹೇಳಿದರೆ ಅವಳು ಬೇರೆ ರೀತಿ ನೋಡಿದಳು. ಊರಿನ ಹೆಂಗಸರು ತಮ್ಮ ಮನೆಯ ಬಾಗಿಲು ತೆರೆದು ಒಳಗೆ ಬಿಟ್ಟುಕೊಳ್ಳುವುದು ಯಾರನ್ನು? ಗಂಡನನ್ನು ಬಿಟ್ಟವಳು ಎನಿಸಿಕೊಂಡ ಡಾಕ್ಟರಿಗಿಂತ ವಿಧವೆ ಡಾಕ್ಟರಿಗೆ ಆ ಬಾಗಿಲು ಸಲೀಸಾಗಿ ತೆರೆದಿರಬೇಕು ಎಂಬುದು ಅವಳ ಊಹೆ. ಇರಬಹುದು. ಕಾನೂನು ತೋರಿಸಿದ ಸಂಬಂಧ ಕಾನೂನಿನ ಪ್ರಕಾರವೇ ಮುಗಿಯಿತು ಎಂದು ಸಮಾಜಕ್ಕೆ ಸಾರಿದ್ದೂ ಇರಬಹುದು. ಕೊನೆಗೆ ನನಗೆ ಅನಿಸಿದ್ದು ಇಷ್ಟು. ಬಿಳಿ ಸೀರೆ ಉಟ್ಟದ್ದು ಅವರ ನಿರ್ಧಾರ. ಹನ್ನೊಂದನೇ ವಯಸ್ಸಿನಲ್ಲಿ ಉಟ್ಟ ಮದುವೆಯ ಸೀರೆ ಅವರ ನಿರ್ಧಾರವಾಗಿರಲಿಲ್ಲ. ಬೇಡ ಎನ್ನುವ ಹಕ್ಕಿಗಾಗಿ ಹೋರಾಡಿದವರಿಗೆ ಬೇಕು ಎನ್ನುವ ಹಕ್ಕೂ ಇರುತ್ತದೆ, ನಮಗೆ ಅದು ಹಿಡಿಸಲಿ ಬಿಡಲಿ.

ಅವರು ಮತ್ತೆ ಮದುವೆಯಾಗಲಿಲ್ಲ.

ನಾಲ್ಕು ತಿಂಗಳ ಅಂತರ

ಅವರ ಹೋರಾಟದ ಫಲ ನಿಧಾನವಾಗಿ ಬಂತು. 1891ರಲ್ಲಿ ಬ್ರಿಟಿಷ್ ಸರ್ಕಾರ ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ರಖ್ಮಾಬಾಯಿಯ ಪ್ರಕರಣ ಎಬ್ಬಿಸಿದ ಚರ್ಚೆಯೂ, ಬಂಗಾಳದಲ್ಲಿ ಫೂಲಮಣಿ ಎಂಬ ಎಳೆಯ ಹುಡುಗಿಯ ಸಾವೂ ಅದರ ಹಿಂದಿದ್ದವು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕರೊಳಗಿನ ಹುಡುಗಿಯರನ್ನು ಕಟ್ಟಿಕೊಳ್ಳುವುದನ್ನೂ ನಿಷೇಧಿಸಿತು. ಈಗ ಕೇಳಿದರೆ ಇಷ್ಟೇನಾ ಎನಿಸುತ್ತದೆ. ಆಗ ಅದಕ್ಕೂ ದೊಡ್ಡ ವಿರೋಧವಿತ್ತು. ಗಂಡನ ಮನೆಗೆ ಹೋಗದ ಹೆಂಡತಿಯನ್ನು ಜೈಲಿಗೆ ಹಾಕುವ ಅವಕಾಶ 1923ರಲ್ಲಿ ಹೋಯಿತು.

1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂತು. ಮುಂಬಯಿ ಪ್ರಾಂತದಲ್ಲಿ 1947ರಿಂದಲೇ ವಿಚ್ಛೇದನದ ಕಾನೂನಿತ್ತಾದರೂ ಈ ಕಾಯ್ದೆ ದೇಶದ ಹಿಂದೂಗಳಿಗೆಲ್ಲ ಅನ್ವಯಿಸಿತು. ಅದಾಗಿ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್ 25ರಂದು, ರಖ್ಮಾಬಾಯಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು ತೊಂಬತ್ತು ದಾಟಿತ್ತು. ಅವರಿಗೆ 1887ರಲ್ಲಿ ಬೇಕಾಗಿದ್ದ ಕಾನೂನು ಅವರ ಜೀವಿತದ ಕೊನೆಯ ಬೇಸಿಗೆಯಲ್ಲಿ ಬಂತು.

ಆದರೆ ಅದೇ ಕಾಯ್ದೆಯ 9ನೇ ಸೆಕ್ಷನ್ ತೆಗೆದು ನೋಡಿ. ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ ಅಲ್ಲಿ ಹಾಗೇ ಕುಳಿತಿದೆ. ಈಗ ಜೈಲಿಲ್ಲ, ಆದೇಶ ಪಾಲಿಸದಿದ್ದರೆ ಆಸ್ತಿ ಜಪ್ತಿಯಾಗಬಹುದು. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಟಿ. ಸರಿತಾ ಪ್ರಕರಣದಲ್ಲಿ ಇದನ್ನು ಅಸಾಂವಿಧಾನಿಕ ಎಂದಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ಸರೋಜ್ ರಾಣಿ ಪ್ರಕರಣದಲ್ಲಿ ಆ ಅಭಿಪ್ರಾಯ ತಳ್ಳಿಹಾಕಿತು. ಇಂದು ಈ ಸೆಕ್ಷನ್ ಬಳಕೆಯಾಗುವುದು ಹೆಚ್ಚಾಗಿ ಜೀವನಾಂಶ ತಪ್ಪಿಸಿಕೊಳ್ಳಲು, ಇಲ್ಲವೇ ಒಂದು ವರ್ಷ ಕಾದು ವಿಚ್ಛೇದನ ಪಡೆಯಲು. ಈ ದಾವೆಯ ತವರಾದ ಇಂಗ್ಲೆಂಡು 1970ರಲ್ಲಿಯೇ ಇದನ್ನು ಕಿತ್ತುಹಾಕಿತು. ನಮ್ಮಲ್ಲಿ 2019ರಲ್ಲಿ ಗುಜರಾತಿನ ಕಾನೂನು ವಿದ್ಯಾರ್ಥಿಗಳು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು.

ಇನ್ನೊಂದು ಕಡೆ, ಮದುವೆಯಾಗದೆ ಕೂಡಿ ಬಾಳುವವರನ್ನು ಕಾನೂನು ಅಷ್ಟಿಷ್ಟು ಕಣ್ಣೆತ್ತಿ ನೋಡತೊಡಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮದುವೆಯ ಸ್ವರೂಪದ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಅಂಥ ಸಂಬಂಧ ಎನ್ನಲು ಏನಿರಬೇಕು ಎಂದು 2010ರ ವೇಲುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಟ್ಟಿ ಮಾಡಿತು. ಇಬ್ಬರೂ ಮದುವೆಯ ವಯಸ್ಸಿನವರಾಗಿರಬೇಕು, ಮದುವೆಯಾಗಲು ಅರ್ಹರಿರಬೇಕು, ಸಮಾಜದೆದುರು ಗಂಡಹೆಂಡಿರಂತೆ ಕಾಣಿಸಿಕೊಂಡಿರಬೇಕು, ಸಾಕಷ್ಟು ಕಾಲ ಸ್ವಇಚ್ಛೆಯಿಂದ ಕೂಡಿ ಬಾಳಿರಬೇಕು. ಈ ಪಟ್ಟಿಯನ್ನು ಓದುವಾಗ ನನಗೆ ನಗು ಬಂತು. ರಖ್ಮಾಬಾಯಿಯ ಶಾಸ್ತ್ರೋಕ್ತ ಮದುವೆಯನ್ನು ಇದರ ಎದುರು ಹಿಡಿದರೆ ವಯಸ್ಸಿನಲ್ಲೂ ಫೇಲು, ಕೂಡಿ ಬಾಳುವುದರಲ್ಲೂ ಫೇಲು, ಸ್ವಇಚ್ಛೆಯಲ್ಲೂ ಫೇಲು. ಆ ಕಾಲದ ಪೂರ್ಣ ಮದುವೆ ಈ ಕಾಲದ ಅರೆ ಮದುವೆಯಷ್ಟೂ ಗಟ್ಟಿಯಿರಲಿಲ್ಲ.

2025ರ ಜನವರಿಯಿಂದ ಉತ್ತರಾಖಂಡದಲ್ಲಿ ಕೂಡಿ ಬಾಳುವ ಅವಿವಾಹಿತ ಜೋಡಿಗಳು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಿಕೊಳ್ಳಬೇಕು. ತಿಂಗಳು ಮೀರಿದರೆ ಮೂರು ತಿಂಗಳವರೆಗೆ ಜೈಲು ಇಲ್ಲವೇ ದಂಡ. 1887ರಲ್ಲಿ ಕೂಡಿ ಬಾಳದಿದ್ದರೆ ಜೈಲು, ಈಗ ಹೇಳದೆ ಕೂಡಿ ಬಾಳಿದರೆ ಜೈಲು. ಹೆಣ್ಣಿನ ರಕ್ಷಣೆಗಾಗಿ ಎನ್ನುವವರಿದ್ದಾರೆ. ಬಿಟ್ಟುಹೋದವನಿಂದ ಜೀವನಾಂಶ ಕೇಳಲು ದಾಖಲೆ ನೆರವಾಗುತ್ತದೆ ಎಂಬುದು ನಿಜವೂ ಹೌದು. ಆದರೆ ರಕ್ಷಣೆ ಬೇಕಾದವಳಿಗೆ ಜೈಲಿನ ಬೆದರಿಕೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ನನ್ನ ಮಟ್ಟಿಗೆ ರಖ್ಮಾಬಾಯಿಯ ಬದುಕು ಶಾಸ್ತ್ರ ಬೇಡ, ನೋಂದಣಿ ಬೇಡ ಎಂದು ಹೇಳುವುದಿಲ್ಲ. ಎರಡರಲ್ಲೂ ಮೊದಲು ಕೇಳಬೇಕಾದ ಮಾತೊಂದಿದೆ ಎಂದು ಹೇಳುತ್ತದೆ. ಈ ಇಬ್ಬರಿಗೆ ಇದು ಬೇಕೇ? ಇಂದು ಬೇಕಿದ್ದದ್ದು ನಾಳೆಯೂ ಬೇಕೇ? 1885ರಲ್ಲಿ ಒಬ್ಬ ನ್ಯಾಯಾಧೀಶರು ಮಾತ್ರ ಆ ಪ್ರಶ್ನೆಗೆ ಬೆಲೆ ಕೊಟ್ಟರು. ಮುಂದಿನ ಮೂರು ವರ್ಷ ಅದನ್ನು ಒಬ್ಬಳೇ ಹೊತ್ತು ನಿಂತದ್ದು ರಖ್ಮಾಬಾಯಿ.